ಹಳೆಯ ಕಾಂಕ್ರೀಟಿಗೆ ಹೊಗೆಯ ಉಣಿಸು

ವಾಡಿ, ಶಹಾಬಾದ್, ಮಳಖೇಡ, ಸೇಡಂ, ಚಿಂಚೋಳಿಯ ಛತ್ರಸಾಲ: ಕಲಬುರಗಿ ಜಿಲ್ಲೆಯ ಆಡಕಿಯ ಸುತ್ತಿನ ಈ ಸೀಮೆ ಸುಣ್ಣದ ಕಲ್ಲು ಸುಟ್ಟು ದೇಶಕ್ಕೆ ಸಿಮೆಂಟ್ ಕೊಡುತ್ತದೆ. ಶುದ್ಧ ಸುಣ್ಣದ ಕಲ್ಲನ್ನು 100 ಕಿಲೋ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಕಲ್ಲಿದ್ದಲಿನ ಹೊಗೆ ಬೇರೆ. ಆ ಅನಿಲವನ್ನು ಒಡೆದ ಕಾಂಕ್ರೀಟಿಗೆ ಮರಳಿ ಕುಡಿಸುವ ವಿದ್ಯೆ ಈಗ ಪ್ರಯೋಗಾಲಯ ದಾಟಿದೆ.

ಎರಡನೇ ಮಹಾಯುದ್ಧದಲ್ಲಿ ಉರುಳಿದ ಯುರೋಪಿನ ಊರುಗಳಲ್ಲಿ ಅವಶೇಷಗಳನ್ನೇ ಜಲ್ಲಿ ಮಾಡಿ ಮತ್ತೆ ಕಟ್ಟಿದರು. ಆದರೆ ಇಂಥ ಜಲ್ಲಿಗೆ ಹಳೆಯ ಗಾರೆ ಅಂಟಿಕೊಂಡಿರುತ್ತದೆ. ಅದರ ತುಂಬ ಸಣ್ಣ ರಂಧ್ರಗಳು. ನೀರು ಹೀರುತ್ತದೆ, ಬಲ ತಗ್ಗಿಸುತ್ತದೆ. ಡೆನ್ಮಾರ್ಕಿನ ಟಾರ್ಬೆನ್ ಹ್ಯಾನ್ಸನ್ 1992ರಲ್ಲಿ ಸಂಪಾದಿಸಿದ, ಕಟ್ಟಡ ಸಾಮಗ್ರಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ರೈಲೆಮ್‌ನ ವರದಿ ಅಲ್ಲಿವರೆಗಿನ ತಿಳಿವಳಿಕೆಯನ್ನೆಲ್ಲ ಒಟ್ಟುಗೂಡಿಸಿತು. ನಮ್ಮಲ್ಲಿ ಐಎಸ್ 383 ಮಾನಕ 2016ರಲ್ಲಿ ಇಂಥ ಜಲ್ಲಿಗೆ ಬಾಗಿಲು ತೆರೆಯಿತು, ಅದೂ ಅರ್ಧ: ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಎಂ25 ದರ್ಜೆವರೆಗೆ ಮಾತ್ರ, ಜಲ್ಲಿಯ ಶೇ 20ರಷ್ಟು.

ಈ ಮಿತಿಗೆ ಕಾರಣ ಆ ಹಳೆಯ ಗಾರೆಯೇ. ಮದ್ದೂ ಅದರಲ್ಲೇ ಇದೆ. ಸಿಮೆಂಟ್ ಗಟ್ಟಿಯಾದ ಮೇಲೆ ಒಳಗೆ ಅರಳಿದ ಸುಣ್ಣ ಉಳಿದಿರುತ್ತದೆ. ತಕ್ಕಷ್ಟು ತೇವವಿದ್ದಾಗ ಇಂಗಾಲದ ಡೈಆಕ್ಸೈಡ್ ತಾಗಿದರೆ ಅದು ಮತ್ತೆ ಸುಣ್ಣದ ಕಲ್ಲಾಗಿ, ಮೊದಲಿಗಿಂತ ಶೇ 11ರಷ್ಟು ಹೆಚ್ಚು ಜಾಗ ಹಿಡಿದು, ರಂಧ್ರಗಳನ್ನು ತುಂಬುತ್ತದೆ. ತೀರ ಒಣಗಿದ್ದರೆ ಕ್ರಿಯೆಯೇ ನಡೆಯದು. ನೀರು ತುಂಬಿದ್ದರೆ ಅನಿಲ ಒಳಹೋಗದು. ನಿಂತ ಕಟ್ಟಡದಲ್ಲಿ ಇದೇ ಕ್ರಿಯೆ ನಡೆದರೆ ಸರಳಿಗೆ ತುಕ್ಕು ಹಿಡಿಯುತ್ತದೆ. ಜಲ್ಲಿಯಲ್ಲಿ ಮೊದಲೇ ನಡೆಸಿದರೆ ಆ ಭಯ ಕಡಿಮೆ. ಸರಳನ್ನು ಕಾಯಲು ಹೊಸ ಸಿಮೆಂಟಿನ ಕ್ಷಾರವಿರುತ್ತದೆ.

ಹಾಂಗ್‌ಕಾಂಗ್ ಪಾಲಿಟೆಕ್ನಿಕ್‌ನವರು ಒತ್ತಡದ ಕೋಣೆಗಳಲ್ಲಿ ಇದನ್ನು ಪಳಗಿಸಿದರು. ಫ್ರಾನ್ಸ್‌ನ ಫಾಸ್ಟ್‌ಕಾರ್ಬ್ ಯೋಜನೆ 2018ರಿಂದ ಸಿಮೆಂಟ್ ಕಾರ್ಖಾನೆಯ ಹೊಗೆಯನ್ನೇ ನೇರವಾಗಿ ಬಳಸಿತು. ಅದರ ಒಂದು ಪ್ರಯೋಗ ನಡೆದದ್ದು ವಿಕಾ ಕಂಪನಿಯ ಕ್ರೆಶಿ ಕಾರ್ಖಾನೆಯಲ್ಲಿ. ಛತ್ರಸಾಲದ ಕಲಬುರ್ಗಿ ಸಿಮೆಂಟ್ ಕೂಡ ಅದೇ ವಿಕಾ ಸಮೂಹದ್ದು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೌರದೀಪ್ ಗುಪ್ತಾ ಅವರ ತಂಡ ಗಾರೆಯ ಮರಳಿಗೆ ಬದಲಾಗಿ ಇಂಗಾಲದ ಡೈಆಕ್ಸೈಡ್ ಉಣಿಸಿದ ಕಟ್ಟಡ ತ್ಯಾಜ್ಯ ಹಾಕಿ, ಅದೇ ಅನಿಲ ತುಂಬಿದ ವಾತಾವರಣದಲ್ಲಿ ಕ್ಯೂರಿಂಗ್ ಮಾಡಿ, ಬಲ ಶೇ 20–22ರಷ್ಟು ಹೆಚ್ಚಬಹುದೆಂದು ತೋರಿಸಿದೆ.

ಇದರಿಂದ ಸಿಮೆಂಟಿನ ಪಾಪವೆಲ್ಲ ತೊಳೆದೀತು ಎಂಬ ಭ್ರಮೆ ಬೇಡ. ಸಿಮೆಂಟಿನ ಮುಖ್ಯ ಭಾಗವಾದ ಕ್ಲಿಂಕರ್ ಒಂದು ಟನ್ ಆಗುವಾಗ ಕಲ್ಲಿನಿಂದಲೇ 500 ಕಿಲೋಗೂ ಹೆಚ್ಚು ಅನಿಲ ಹೊರಡುತ್ತದೆ. ಸ್ವಿಟ್ಜರ್ಲೆಂಡಿನ ನಿಯುಸ್ಟಾರ್ಕ್ ಕಂಪನಿ ಒಂದು ಟನ್ ಒಡೆದ ಕಾಂಕ್ರೀಟಿಗೆ ಕುಡಿಸುವುದು ಸುಮಾರು 10 ಕಿಲೋ. ಗಾರೆ ಹೆಚ್ಚಿರುವ ಸಣ್ಣ ಪುಡಿ ಫ್ರೆಂಚ್ ಪ್ರಯೋಗದಲ್ಲಿ 30 ಕಿಲೋವರೆಗೆ ಹಿಡಿಯಿತು. ನನಗೆ ಕಾಣುವ ದೊಡ್ಡ ಲಾಭ ಜಲ್ಲಿಯ ಗುಣ ಸುಧಾರಿಸುವುದು, ಅಷ್ಟರಮಟ್ಟಿಗೆ ಗುಡ್ಡಗಳು ಉಳಿಯುವುದು.

ನಮ್ಮ ಸೀಮೆಯಲ್ಲಿ ಹೊಗೆಗೆ ಬರವಿಲ್ಲ. ಆದರೆ ಶಹಾಬಾದ್ ಕಲ್ಲಿನ ಗಣಿಗಳ ಬಳಿ ಬಿದ್ದ ಚೂರುಗಳು ಈ ಕೆಲಸಕ್ಕೆ ಬಾರವು. ಅವು ಈಗಾಗಲೇ ಸುಣ್ಣದ ಕಲ್ಲು. ಬೇಕಾದ ಹಳೆಯ ಕಾಂಕ್ರೀಟ್ ಸಿಗುವುದು ಕಲಬುರಗಿಯಲ್ಲಿ, ಹೈದರಾಬಾದಿನಲ್ಲಿ. ಅದನ್ನು ತರಲೆಂದೇ ಲಾರಿ ಓಡಿಸಿದರೆ ಹಿಡಿದ ಅನಿಲದ ಲೆಕ್ಕವನ್ನು ಡೀಸೆಲ್ ನುಂಗಬಹುದು. ಸಿಮೆಂಟ್ ಇಳಿಸಿ ಬರಿದಾಗಿ ಮರಳುವ ಲಾರಿಗಳಲ್ಲೇ, ಇಟ್ಟಿಗೆ ಮತ್ತು ಮಣ್ಣು ಬೇರ್ಪಡಿಸಿದ ಕಾಂಕ್ರೀಟ್ ಬರುವಂತಾದರೆ, ಗೂಡಿನ ಪಕ್ಕದಲ್ಲೇ ಒಂದು ಪ್ರಯೋಗ ಶುರುವಾಗಬಹುದು.