ಬಡಾವಣೆಗಳಲ್ಲಿ ವಾರದ ತಾತ್ಕಾಲಿಕ ಮಳಿಗೆ: ಚಿಲ್ಲರೆ ವ್ಯಾಪಾರಿಗಳ ಗಮನಕ್ಕೆ

ಸ್ವಂತ ಅಂಗಡಿಯುಳ್ಳ ಕೆಲವರು ವಾರಕ್ಕೊಮ್ಮೆ ಬೇರೆ ಬಡಾವಣೆಯ ರಸ್ತೆಬದಿಯಲ್ಲಿ ಮಳಿಗೆ ಹೂಡಲು ಬೀದಿ ವ್ಯಾಪಾರ ಪ್ರಮಾಣಪತ್ರ ಕೋರುವುದುಂಟು. ಅರ್ಜಿ ಸಲ್ಲಿಸುವ ಮುನ್ನ ಮುಚ್ಚಳಿಕೆಯನ್ನು ಪೂರ್ಣವಾಗಿ ಓದಿಕೊಳ್ಳತಕ್ಕದ್ದು.

ಬೀದಿ ವ್ಯಾಪಾರಿಗಳ (ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ) ಅಧಿನಿಯಮ, 2014ರ 5ನೇ ಪ್ರಕರಣದಂತೆ ಅರ್ಜಿದಾರರು ತಮಗೆ ಬೇರೆ ಜೀವನೋಪಾಯವಿಲ್ಲವೆಂದೂ, ವ್ಯಾಪಾರವನ್ನು ಸ್ವತಃ ಅಥವಾ ಕುಟುಂಬದ ಸದಸ್ಯರ ಮೂಲಕವೇ ನಡೆಸುವುದಾಗಿಯೂ, ಪ್ರಮಾಣಪತ್ರವನ್ನು ಬಾಡಿಗೆಗಾಗಲಿ ಬೇರಾವ ರೀತಿಯಲ್ಲಾಗಲಿ ವರ್ಗಾಯಿಸುವುದಿಲ್ಲವೆಂದೂ ಬರೆದುಕೊಡಬೇಕು. ಅಂಗಡಿಯಿಂದ ಆದಾಯವುಳ್ಳವರು ಮೊದಲನೆಯದಕ್ಕೆ ಸಹಿ ಹಾಕುವಂತಿಲ್ಲ. ತಪ್ಪು ಮಾಹಿತಿ ನೀಡಿ ಪಡೆದ ಪ್ರಮಾಣಪತ್ರವನ್ನು ಸ್ಥಳೀಯ ಪ್ರಾಧಿಕಾರವು, ವ್ಯಾಪಾರಿಯ ಅಹವಾಲು ಕೇಳಿದ ತರುವಾಯ, ರದ್ದುಪಡಿಸಬಹುದು. ಪ್ರಮಾಣಪತ್ರವಿಲ್ಲದೆ ಬೀದಿ ವ್ಯಾಪಾರ ಮಾಡಿದಲ್ಲಿ 2,000 ರೂಪಾಯಿಗಳವರೆಗೆ ದಂಡವುಂಟು. ಹಾಕಿದ ಬಂಡವಾಳದ ಎದುರು ದಂಡದ ಮೊತ್ತ ಅಲ್ಪವೇ. ರೂಢಿಯಾದ ಸ್ಥಳ ಮತ್ತು ಗಿರಾಕಿ ಕೈತಪ್ಪುವುದೇ ನಿಜವಾದ ನಷ್ಟ.

ಇಂತಹವರಿಗೆ ಖಾಸಗಿ ಸ್ಥಳವೇ ಸೂಕ್ತ. ವಸತಿ ಸಮುಚ್ಚಯದ ಅಂಗಳವಾದಲ್ಲಿ ನಿವಾಸಿಗಳ ಸಂಘದಿಂದ, ಇತರೆಡೆ ಮಾಲೀಕರಿಂದ, ವಾರ, ವೇಳೆ ಹಾಗೂ ಬಾಡಿಗೆ ನಮೂದಿಸಿದ ಲಿಖಿತ ಒಪ್ಪಿಗೆ ಪಡೆಯುವುದು. ಬಾಯಿಮಾತಿನ ಒಪ್ಪಿಗೆಯು ಪದಾಧಿಕಾರಿಗಳು ಬದಲಾದೊಡನೆ ನಿಲ್ಲದೆ ಹೋಗಬಹುದು. ಗ್ರಾಮದ ಸಂತೆಯಾದಲ್ಲಿ ಸುಂಕ ಪಾವತಿಸಿ ರಸೀದಿ ಇಟ್ಟುಕೊಳ್ಳುವುದು.

ಜಿಎಸ್‌ಟಿ ನೋಂದಾಯಿತರು ಎಷ್ಟು ಮಾಲು ಮಾರಾಟವಾಗುವುದೆಂದು ಮೊದಲೇ ತಿಳಿಯದ ಕಾರಣ, ಡೆಲಿವರಿ ಚಲನ್‌ನೊಂದಿಗೆ ಮಾಲು ಸಾಗಿಸಿ ಮಾರಾಟದ ಸ್ಥಳದಲ್ಲಿ ಬಿಲ್ಲು ನೀಡತಕ್ಕದ್ದು. ತೂಕದ ಯಂತ್ರಕ್ಕೆ ಚಾಲ್ತಿಯಲ್ಲಿರುವ ಸತ್ಯಾಪನೆಯ ಮುದ್ರೆ ಇರಬೇಕು.

ಬೀದಿ ವ್ಯಾಪಾರವೊಂದೇ ಜೀವನಾಧಾರವಾಗಿರುವವರು ನಿಸ್ಸಂಕೋಚವಾಗಿ ಅರ್ಜಿ ಸಲ್ಲಿಸಬಹುದು. ಅವರ ಸರಕು ಜಪ್ತಿಯಾದಲ್ಲಿ ಪಟ್ಟಿ ಕೇಳಿ ಪಡೆಯುವುದು. ನಿಗದಿತ ಶುಲ್ಕದೊಂದಿಗೆ ಕೋರಿಕೆ ಸಲ್ಲಿಸಿದ ದಿನವೇ ಕೆಡುವ ಸರಕನ್ನೂ, ಎರಡು ಕೆಲಸದ ದಿನಗಳೊಳಗೆ ಉಳಿದ ಸರಕನ್ನೂ ಹಿಂದಿರುಗಿಸತಕ್ಕದ್ದು.