ಮೆಟ್ರೊ ನೌಕರರು ಮುಷ್ಕರ ಮಾಡಬಹುದೇ? ಕಾನೂನು ಏನು ಹೇಳುತ್ತದೆ, ಇದುವರೆಗೆ ನಡೆದಿದ್ದೇನು

ಕೊಪ್ಪಳದವರಿಗೆ ಮೆಟ್ರೊ ಉಸಾಬರಿ ಯಾಕೆ ಅಂತ ಯಾರಾದರೂ ಕೇಳಬಹುದು. ನಮ್ಮಲ್ಲಿ ಸುರಂಗ ರೈಲು ಇಲ್ಲ, ನಿಜ. ಆದರೆ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಂಗಳೂರಿಗೆ ದುಡಿಯಾಕ ಹೋದವರಿಲ್ಲದ ಓಣಿ ಇಲ್ಲಿ ಸಿಗುವುದು ಕಷ್ಟ. ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ಹುಡುಗರು ಮೆಟ್ರೊ ನೌಕರಿಗೆ ಅರ್ಜಿ ಹಾಕುತ್ತಾರೆ. ಆ ನೌಕರಿಯಲ್ಲಿ ಬಾಯಿ ತೆರೆಯುವ ಹಕ್ಕು ಎಷ್ಟಿದೆ ಅನ್ನುವುದು ನಮಗೂ ಗೊತ್ತಿರಬೇಕು.

ನಮ್ಮ ಮೆಟ್ರೊ ಓಡಲು ಶುರುವಾಗಿದ್ದು 2011ರ ಅಕ್ಟೋಬರ್ 20ರಂದು. 42 ಕಿ.ಮೀ.ಗಳ ಮೊದಲ ಹಂತ ಪೂರ್ತಿಯಾಗಿದ್ದು 2017ರ ಜೂನ್‌ನಲ್ಲಿ. ಅದಾಗಿ ಮೂರೇ ವಾರಕ್ಕೆ ರೈಲು ನಿಂತಿತು. ಜುಲೈ 6ರಂದು ಸೆಂಟ್ರಲ್ ಕಾಲೇಜು ನಿಲ್ದಾಣದಲ್ಲಿ ಭದ್ರತಾ ತಪಾಸಣೆ ವಿಚಾರಕ್ಕೆ ಮೆಟ್ರೊ ಸಿಬ್ಬಂದಿ ಮತ್ತು ಕೈಗಾರಿಕಾ ಭದ್ರತಾ ಪಡೆಯವರ ನಡುವೆ ಜಟಾಪಟಿ ಆಯಿತು. ಪೊಲೀಸರು ಮೆಟ್ರೊ ನೌಕರರನ್ನು ಬಂಧಿಸಿದರು. ಮರುದಿನ ಬೆಳಿಗ್ಗೆ ಸಹೋದ್ಯೋಗಿಗಳು ಕೆಲಸಕ್ಕೆ ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಂಚಾರ ಮತ್ತೆ ಶುರುವಾಯಿತು. ಗೇಟಿನ ಮುಂದೆ ನಿಂತವರ ಸಿಟ್ಟು ಸಹಜವೇ. ಆದರೆ ಹೊಡೆದಾಟದಲ್ಲಿ ಎರಡು ಕಡೆಯವರಿದ್ದಾಗ ಒಂದೇ ಕಡೆಯವರನ್ನು ಒಳಗೆ ಹಾಕಿದರು ಅನ್ನುವುದು ನೌಕರರ ದೂರಾಗಿತ್ತು. ಅದನ್ನು ಕೇಳಿಸಿಕೊಂಡವರು ಕಡಿಮೆ.

2018ರಲ್ಲಿ ನೌಕರರ ಸಂಘ ದಾರಿ ಬದಲಿಸಿತು. ಸಂಘಕ್ಕೆ ಮಾನ್ಯತೆ, ವೇತನ ಪರಿಷ್ಕರಣೆ ಇತ್ಯಾದಿ ಬೇಡಿಕೆ ಇಟ್ಟು, ಮೊದಲೇ ತಿಳಿಸಿ, ಮಾರ್ಚ್ 22ಕ್ಕೆ ಮುಷ್ಕರ ಎಂದಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು, ಮುಷ್ಕರ ಮುಂದಕ್ಕೆ ಹೋಯಿತು. ಜೂನ್ 4ರದ್ದೂ ಹಾಗೇ ಆಯಿತು. ಅದೇ ತಿಂಗಳ ಕೊನೆಗೆ ದೆಹಲಿ ಮೆಟ್ರೊ ನೌಕರರ ಮುಷ್ಕರಕ್ಕೂ ಅಲ್ಲಿನ ಹೈಕೋರ್ಟ್ ತಡೆ ಕೊಟ್ಟಿತು.

ಇಲ್ಲಿಯೇ ಕಾನೂನಿನ ಗಂಟು ಇರುವುದು. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ರೈಲು ಸೇವೆಯನ್ನು ಸಾರ್ವಜನಿಕ ಉಪಯುಕ್ತ ಸೇವೆ ಎಂದು ಕರೆದಿತ್ತು. ಅಂಥ ಕಡೆ ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಬೇಕು. ನೋಟಿಸ್ ಕೊಟ್ಟ ಕೂಡಲೇ ಕಾರ್ಮಿಕ ಅಧಿಕಾರಿ ಸಂಧಾನ ಶುರು ಮಾಡಬೇಕು. ಸಂಧಾನ ನಡೆಯುವಾಗ, ಮುಗಿದ ಮೇಲೂ ಏಳು ದಿನ, ಮುಷ್ಕರ ಅಕ್ರಮ. ಅಂದರೆ ನೋಟಿಸ್ ಕೊಟ್ಟರೆ ಸಂಧಾನದ ಬಾಗಿಲು ಹಾಕಿಕೊಳ್ಳುತ್ತದೆ, ಕೊಡದಿದ್ದರೆ ಅದೇ ಅಪರಾಧ. ಮೇಲಿಂದ ಎಸ್ಮಾ ಬೇರೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ನೋಟಿಸ್ ನಿಯಮವನ್ನು ಎಲ್ಲ ಕೈಗಾರಿಕೆಗಳಿಗೂ ಹಾಸಿತು. ಅಲ್ಲಿಗೆ ಗಿಣಿಗೇರಿಯ ಕಾರ್ಖಾನೆ ಕಾರ್ಮಿಕರೂ ಇದರೊಳಗೇ. ಅರ್ಧದಷ್ಟು ಜನ ಮಾತಾಡಿಕೊಂಡು ಒಂದೇ ದಿನ ರಜೆ ಹಾಕಿದರೂ ಅದು ಮುಷ್ಕರವೇ. ಹಳೇ ಕಾಯ್ದೆಯಲ್ಲಿ ಅಕ್ರಮ ಮುಷ್ಕರಕ್ಕೆ ದಂಡ ಗರಿಷ್ಠ 50 ರೂಪಾಯಿ ಇತ್ತು. ಈಗ 1,000ದಿಂದ 10,000 ರೂಪಾಯಿ. ಒಂದು ತಿಂಗಳವರೆಗಿನ ಜೈಲು ಆಗಲೂ ಇತ್ತು, ಈಗಲೂ ಇದೆ.

ನಮ್ಮ ಕಡೆಯವರು ಇದನ್ನು ಬಸ್ಸಿನಲ್ಲಿ ಕಂಡಿದ್ದಾರೆ. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಎರಡು ವಾರ ಬಸ್ ನಿಲ್ಲಿಸಿದ್ದರು. 2025ರ ಆಗಸ್ಟ್ 5ರಂದು 38 ತಿಂಗಳ ಹಿಂಬಾಕಿಗಾಗಿ ಮತ್ತೆ ನಿಲ್ಲಿಸಿದರು. ಹಿಂದಿನ ದಿನವೇ ಹೈಕೋರ್ಟ್ ತಡೆದಿತ್ತು. ಅದನ್ನು ಮೀರಿದ್ದಕ್ಕೆ ಕೋರ್ಟ್ ತರಾಟೆಗೆ ತೆಗೆದುಕೊಂಡ ಮೇಲೆ ಮುಷ್ಕರ ಹಿಂದಕ್ಕೆ ಹೋಯಿತು. ಕೋರ್ಟು ಚಕ್ರ ಉರುಳಿಸಿತು, ಹಿಂಬಾಕಿ ಮಾತ್ರ ಹಾಗೇ ಉಳಿಯಿತು.

ಹೊರಗಿನ ದೇಶಗಳಲ್ಲಿ ಎಲ್ಲಾ ಸಲೀಸು ಅಂತೇನಿಲ್ಲ. ನ್ಯೂಯಾರ್ಕ್‌ನಲ್ಲಿ ಸರ್ಕಾರಿ ನೌಕರರ ಮುಷ್ಕರವೇ ನಿಷಿದ್ಧ. 2005ರ ಡಿಸೆಂಬರ್‌ನಲ್ಲಿ ಮೂರು ದಿನ ಸಬ್‌ವೇ ನಿಲ್ಲಿಸಿದ ಸಂಘಕ್ಕೆ ದಿನಕ್ಕೆ 10 ಲಕ್ಷ ಡಾಲರ್ ದಂಡ ಬಿತ್ತು, ಅಧ್ಯಕ್ಷ ಜೈಲಿಗೆ ಹೋದರು. ಲಂಡನ್ನಿನದ್ದು ಬೇರೆ ದಾರಿ. ಅಲ್ಲಿ ಸದಸ್ಯರು ಮತ ಹಾಕಬೇಕು, ಮುಂಚೆ ತಿಳಿಸಬೇಕು. ಅಷ್ಟಾದರೆ ಮುಷ್ಕರ ಕಾನೂನುಬದ್ಧ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸುರಂಗ ರೈಲು ಕೆಲವು ದಿನ ಬಹುತೇಕ ಬಂದ್ ಆಗಿತ್ತು. ಕೆಲಸದ ಅವಧಿ, ಪಾಳಿಯ ದಣಿವು ಚರ್ಚೆಗೆ ಬಂತು. ನನಗೆ ಇದೇ ಸರಿ ಕಾಣುತ್ತದೆ. ನಿದ್ದೆಗೆಟ್ಟ ಚಾಲಕ ಪ್ರಯಾಣಿಕರ ಸಮಸ್ಯೆಯೂ ಹೌದಲ್ಲವೇ?

ಬೆಂಗಳೂರಿನಲ್ಲಿ ಈಗ ಪ್ರಶ್ನೆ ಇನ್ನೊಂದು ಕಡೆ ಹೊರಳಿದೆ. 2025ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಹಳದಿ ಮಾರ್ಗದ ರೈಲುಗಳು ಚಾಲಕರಿಲ್ಲದೇ ಓಡುವ ತಂತ್ರಜ್ಞಾನದವು. ಅದೇ ಮಾರ್ಚ್‌ನಲ್ಲಿ ನಿಗಮ 50 ರೈಲು ಚಾಲಕರನ್ನು ಗುತ್ತಿಗೆ ಮೇಲೆ ತೆಗೆದುಕೊಳ್ಳಲು ಹೊರಟಿತ್ತು. ಮೆಟ್ರೊದಲ್ಲಿ ಮೂರು ವರ್ಷ ಅನುಭವ ಬೇಕೆಂಬ ಷರತ್ತು ಕನ್ನಡಿಗರನ್ನು ಹೊರಗಿಡುತ್ತದೆ ಎಂದು ವಿರೋಧ ಬಂದು ಅಧಿಸೂಚನೆ ವಾಪಸ್ ಆಯಿತು. ಗಲಾಟೆ ಭಾಷೆ ಸುತ್ತ ನಡೆಯಿತು, ‘ಗುತ್ತಿಗೆ’ ಎಂಬ ಪದದ ಬಗ್ಗೆ ಅಷ್ಟು ಸದ್ದಾಗಲಿಲ್ಲ.

ಆ ಪದವೇ ಮುಖ್ಯ. ಹೊಸ ಸಂಹಿತೆಯ ಪ್ರಕಾರ, ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ 51ರಷ್ಟು ಸದಸ್ಯರಿರುವ ಸಂಘವೇ ಆಡಳಿತದ ಜೊತೆ ಮಾತುಕತೆಗೆ ಕೂರುವ ಏಕೈಕ ಸಂಘ. ನಿಲ್ದಾಣ ಗುಡಿಸುವವರ, ಏಜೆನ್ಸಿ ಮೂಲಕ ಬಂದ ಕಾವಲುಗಾರರ ಹೆಸರು ಮೆಟ್ರೊದ ಪಟ್ಟಿಯಲ್ಲಿ ಇರುವುದಿಲ್ಲ, ಗುತ್ತಿಗೆದಾರನ ಪಟ್ಟಿಯಲ್ಲಿ ಇರುತ್ತದೆ.