ಕಪಿಲೆಯ ದಡದಲ್ಲಿ ನಾವು ಓದದ ಚರಿತ್ರೆ

ಮದರಸದ ಮಕ್ಕಳಿಗೆ ನೈಲ್ ನದಿ ಪರಿಚಿತ. ಪ್ರವಾದಿ ಮೂಸಾ (ಅ) ಅವರ ವೃತ್ತಾಂತವನ್ನು ಕೇಳಿ ಬೆಳೆದವರಿಗೆ ಆ ನದಿಯ ಹೆಸರು ಹೊಸದಲ್ಲ. ಆದರೆ ಊರಿನ ಮಗ್ಗುಲಲ್ಲೇ ಹರಿಯುವ ಕಪಿಲೆಯ ಚರಿತ್ರೆಯನ್ನು ಕೇಳಿದರೆ ನಾವು ನಿರುತ್ತರರಾಗುತ್ತೇವೆ.

ಕಬಿನಿ ಎಂದೂ ಕರೆಯಲಾಗುವ ಕಪಿಲೆ ಕೇರಳದ ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆಯನ್ನು ಹಾದು ನಂಜನಗೂಡಿಗೆ ಬರುತ್ತದೆ. ಅಲ್ಲಿ ಗುಂಡ್ಲುಪೇಟೆಯ ಕಡೆಯಿಂದ ಬರುವ ಗುಂಡ್ಲು ಹೊಳೆ, ಅರ್ಥಾತ್ ಕೌಂಡಿನ್ಯ, ಅದನ್ನು ಕೂಡಿಕೊಳ್ಳುತ್ತದೆ. ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಪಿಲೆ ಕಾವೇರಿಯಲ್ಲಿ ಲೀನವಾಗುತ್ತದೆ. ಗುಂಡ್ಲು ಮಳೆಗಾಲದ ಹೊಳೆ. ಬೇಸಗೆಯಲ್ಲಿ ಅದು ಬರಿಯ ಮರಳ ಹಾದಿ. ಕಪಿಲೆಯ ಏರಿಳಿತವೂ ವಯನಾಡಿನ ಮುಂಗಾರನ್ನೇ ಅವಲಂಬಿಸಿದೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯವೂ ಆ ಸ್ವಭಾವವನ್ನು ಪೂರ್ತಿ ಬದಲಿಸಲಿಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ನಂಜನಗೂಡು ಜಲಾವೃತವಾದುದನ್ನು ಕಂಡವರು ಅದನ್ನು ಮರೆಯಲಾರರು.

ಇಂತಹ ನದಿಯ ಬಳಿ ಬಾಳಲು ಸಹನೆಯೂ ಮುಂದಾಲೋಚನೆಯೂ ಬೇಕು. ಅವೆರಡನ್ನೂ ಬಲ್ಲವರು ಇಲ್ಲಿ ಬಹು ಹಿಂದೆಯೇ ನೆಲೆಸಿದ್ದರು. ನರಸೀಪುರದ ಸಂಗಮದ ಸಮೀಪ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ನೆಲೆಯೊಂದು ಬೆಳಕಿಗೆ ಬಂತು. ನುಣುಪುಗೊಳಿಸಿದ ಕಲ್ಲಿನ ಕೊಡಲಿಗಳು, ಬೂದುಬಣ್ಣದ ಮಡಕೆಗಳು, ಮನುಷ್ಯರ ಅಸ್ಥಿಗಳು ಅಲ್ಲಿ ದೊರೆತವು. ಅವುಗಳಲ್ಲಿ ಸುಟ್ಟ ಮಣ್ಣಿನ ತಲೆದಿಂಬುಗಳು ವಿಶೇಷ. ಪ್ರಾಚೀನ ಈಜಿಪ್ಟಿನಲ್ಲೂ ಇಂತಹವು ಬಳಕೆಯಲ್ಲಿದ್ದುದರಿಂದ ವಿದ್ವಾಂಸರು ಇವೆರಡನ್ನೂ ಹೋಲಿಸಿದ್ದಾರೆ. ಹೋಲಿಕೆಯೊಂದೇ ಸಂಪರ್ಕಕ್ಕೆ ಪುರಾವೆಯಾಗದು, ನಿಜ. ಆದರೂ ನಾವು ಕಥೆಯಲ್ಲಿ ಕೇಳಿದ ನೈಲ್ ದಡದವರಂತೆಯೇ ನಮ್ಮ ಸಂಗಮದ ದಡದಲ್ಲೂ ಸಾವಿರಾರು ವರ್ಷಗಳ ಹಿಂದೆ ಮನುಷ್ಯರು ದುಡಿದು ದಣಿದು, ತಲೆಯಾನಿಸಿ ಮಲಗಿದ್ದರು.

ಚರಿತ್ರೆ ಅಲ್ಲಿಗೇ ನಿಲ್ಲಲಿಲ್ಲ. ಇದೇ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿ ಮೆರೆದು, ಬಳಿಕ ಮರಳಿನಡಿ ಹುದುಗಿತು. ನಂಜನಗೂಡಿನಲ್ಲಿ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇಂದಿಗೂ ಇದೆ. ಟಿಪ್ಪು ಸುಲ್ತಾನರ ಆನೆಯ ಕಣ್ಣುಬೇನೆ ಇಲ್ಲಿ ವಾಸಿಯಾದುದರಿಂದ ಅವರು ಇಲ್ಲಿಯ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದು, ಪಚ್ಚೆಯ ಲಿಂಗವನ್ನು ಅರ್ಪಿಸಿದರೆಂಬ ಪ್ರತೀತಿಯಿದೆ. ನಮ್ಮ ವಿಶ್ವಾಸದ ಮಾರ್ಗ ಬೇರೆ. ಆದರೂ ‘ಹಕೀಮ್’ ಎಂಬ ಅರಬಿ ಪದ ಈ ದಡದ ಜನರ ಬಾಯಲ್ಲಿ ಇಂದಿಗೂ ಉಳಿದಿರುವುದು ನೆರೆಹೊರೆಯ ಬಾಳಿಗೆ ಸಾಕ್ಷಿಯಾಗಿದೆ.

ನದಿಯ ಒಡಲಿನಿಂದ ಮರಳನ್ನು ಬಗೆದು ದಡವನ್ನು ಕೆಡಿಸಿದರೆ ನಷ್ಟವಾಗುವುದು ನೀರು ಮಾತ್ರವಲ್ಲ, ಈ ಸಾಕ್ಷ್ಯಗಳೂ ಅಳಿಯುತ್ತವೆ. ಗತಿಸಿದ ಜನಾಂಗಗಳ ಕುರುಹುಗಳನ್ನು ಕಂಡು ಪಾಠ ಕಲಿಯಬೇಕೆಂಬುದು ನಮಗೆ ದೊರೆತ ಬೋಧನೆ. ಅದಕ್ಕಾಗಿ ದೂರದ ದೇಶಕ್ಕೆ ಪಯಣಿಸಬೇಕಿಲ್ಲ. ಮುಂದಿನ ರಜೆಯಲ್ಲಿ ಮಕ್ಕಳ ಕೈಹಿಡಿದು ಸಂಗಮಕ್ಕೆ ಹೋಗೋಣ. ನೈಲ್ ನದಿಯ ಕಥೆಯ ಜೊತೆಗೆ ಕಪಿಲೆಯ ಕಥೆಯನ್ನೂ ಹೇಳೋಣ.